ಗಾಡಿಯ ಜೊತೆ ಮಾತಾಡುತ್ತಿದ್ದ ಮಾವ

ನಮ್ಮ ಮಾವನವರ ಬಲಗೈ ತೋರುಬೆರಳು ಹಿಂದೊಮ್ಮೆ ಕುಡುಗೋಲಿನ ಪೆಟ್ಟು ಬಿದ್ದು ತುದಿಯಲ್ಲಿ ಸೊಟ್ಟಗಾಗಿತ್ತು. ಆ ಸೊಟ್ಟ ಬೆರಳನ್ನು ಅವರು ದಿನಾ ಬೆಳಿಗ್ಗೆ ಹೊಸ ಪಿಕಪ್ಪಿನ ಬಾನೆಟ್ಟಿನ ಮೇಲೆ ಒಂದು ಸಲ ಎಳೆದು, ಕಣ್ಣ ಹತ್ತಿರ ತಂದು ನೋಡುತ್ತಿದ್ದರು. ಧೂಳು ಹತ್ತಿದ್ದರೆ ನನ್ನ ಕಡೆ ತಿರುಗುತ್ತಿರಲಿಲ್ಲ. ಗಾಡಿಯನ್ನೇ ನೋಡುತ್ತ, "ಏನಪಾ, ನಿನ್ನ ಕೇಳವರ ಯಾರೂ ಇಲ್ಲೇನು?" ಎನ್ನುತ್ತಿದ್ದರು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ಅಲ್ಲೇ ನಿಲ್ಲುತ್ತಿತ್ತು. ಆ ಮನುಷ್ಯ ನನ್ನನ್ನು ಒಮ್ಮೆಯೂ ಗದರಿಸಿದವರಲ್ಲ. ಆದರೂ ಆ ಬೆರಳು ಕಂಡರೆ ನನಗೆ ಭಯವಾಗುತ್ತಿತ್ತು.

ಗಾಡಿಗೆ ಹೇಳಿದ್ದು ನನಗೇ ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು. ನಮ್ಮ ಕಡೆ ಹಳೆಯ ಮನೆತನಗಳಲ್ಲಿ ಮಾವ ಸೊಸೆಯ ಜೊತೆ ನೇರವಾಗಿ ಮಾತಾಡುವುದಿಲ್ಲ. ಸೊಸೆ ಮಾವನ ಎದುರು ತಲೆಯ ಮೇಲೆ ಸೆರಗು ಹೊದ್ದು ನಿಲ್ಲಬೇಕು, ಅವರು ಕೂತ ಕಟ್ಟೆಯ ಮೇಲೆ ಸರಿಸಮ ಕೂರಬಾರದು. ಹೇಳಬೇಕಾದ್ದನ್ನು ಮಾವ ಗೋಡೆಗೆ ಹೇಳುತ್ತಾರೆ, ಕಂಬಕ್ಕೆ ಹೇಳುತ್ತಾರೆ, ಸೊಸೆ ಕೇಳಿಸಿಕೊಳ್ಳಬೇಕು. ಈಗೀಗ ಇದನ್ನೆಲ್ಲ ಪಾಲಿಸುವವರು ಕಡಿಮೆ. ನಮ್ಮ ಮಾವನವರು ಬಿಡದೆ ಪಾಲಿಸುತ್ತಿದ್ದರು. ನೀರು ಬೇಕಾದರೆ ಖಾಲಿ ತಂಬಿಗೆಗೆ "ಬಿಸಲ ಭಾಳ ಆತು" ಎನ್ನುವರು. ಮದುವೆಯಾಗಿ ಬಂದ ಹೊಸತರಲ್ಲಿ ಇವರಿಗೆ ತಲೆ ಸ್ವಲ್ಪ ಸಡಿಲವೇನೋ ಎಂದುಕೊಂಡಿದ್ದೆ. ಇಂಥ ಮಾವ, ನನ್ನಂಥ ಸೊಸೆ ಒಂದೇ ಪಿಕಪ್ಪಿನಲ್ಲಿ ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ ಕೂತು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಸುತ್ತಬೇಕಾಗಿ ಬಂದದ್ದು ದೇವರ ಕುಚೇಷ್ಟೆಯೇ ಸರಿ.

ನಮ್ಮದು ಝಳಕಿಯ ಹತ್ತಿರ ನಿಂಬೆಯ ತೋಟ. ಹಣ್ಣನ್ನು ಸುತ್ತಲಿನ ಊರುಗಳ ವ್ಯಾಪಾರಿಗಳಿಗೆ ನಾವೇ ಮುಟ್ಟಿಸಬೇಕೆಂದು ಹೊಸ ಪಿಕಪ್ ಕೊಳ್ಳಲು ಹೇಳಿದ್ದೆವು. ಗಾಡಿಯನ್ನು ನನ್ನ ಗಂಡ ಹೊಡೆಯುವುದೆಂದು ಮಾತಾಗಿತ್ತು. ಗಾಡಿ ಮನೆಗೆ ಬರುವ ಮೊದಲೇ ಅವರು ತೋಟದಲ್ಲಿ ಮೂರ್ಛೆ ಬಂದು ಬಿದ್ದರು. ಮುಖದ ತುಂಬ ನಿಂಬೆಮುಳ್ಳು ಚುಚ್ಚಿಕೊಂಡು, ಬಾಯಲ್ಲಿ ನೊರೆ ಬಂದು ಬಿದ್ದಿದ್ದ ಗಂಡನನ್ನು ಮೊದಲು ಕಂಡವಳು ನಾನು. ಡಾಕ್ಟರು ಗುಳಿಗೆ ಬರೆದುಕೊಟ್ಟು, ಇನ್ನು ಮುಂದೆ ಸ್ಟಿಯರಿಂಗ್ ಮುಟ್ಟಕೂಡದು, ಬಾವಿಯ ದಂಡೆಗೆ ಹೋಗಕೂಡದು ಎಂದರು. ಹೀಗಾಗಿ ಗಾಡಿ ಹೂವಿನ ಹಾರ ಹಾಕಿಕೊಂಡು ಬಂದು ಅಂಗಳದಲ್ಲಿ ನಿಂತಾಗ ಅದನ್ನು ಹೊಡೆಯುವವರೇ ಮನೆಯಲ್ಲಿ ಇರಲಿಲ್ಲ.

ಮಾವನವರ ತಮ್ಮ, ನಮ್ಮ ಚಿಕ್ಕಮಾವ, ತಮ್ಮ ಹೆಂಡತಿಯ ಅಣ್ಣನನ್ನೇ ಡ್ರೈವರ್ ಮಾಡಿಬಿಡೋಣ ಎಂದು ಓಡಿ ಬಂದರು. ಮಾವನವರಿಗೆ ಪಗಾರದ ಡ್ರೈವರ್‌ಗಳೆಂದರೆ ಆಗದು. ಕಿಟಕಿಯಿಂದ ಗುಟ್ಕಾ ಉಗುಳುತ್ತಾರೆ, ದಿಬ್ಬದಲ್ಲಿ ಇಂಜಿನ್ ಅರಚುವ ಹಾಗೆ ತುಳಿಯುತ್ತಾರೆ, ಟಾಕಿಯಿಂದ ಡೀಸೆಲ್ ಹೀರಿಕೊಳ್ಳುತ್ತಾರೆ ಎಂಬುದು ಅವರ ಗಟ್ಟಿ ನಂಬಿಕೆ. ಊಟಕ್ಕೆ ಕೂತಾಗ ತಾಟಿನಲ್ಲಿದ್ದ ರೊಟ್ಟಿಗೆ ಹೇಳಿದರು: "ಮನ್ಯಾಗ ಸ್ಕೂಟಿ ಹೊಡಿಯೂ ಕೈ ಒಂದೈತಿ. ಅದ ಕಲೀಲಿ." ಇದನ್ನು ಕೇಳಿ ಅವರನ್ನು ದೊಡ್ಡ ಸುಧಾರಕರೆಂದು ಯಾರೂ ತಿಳಿಯಬಾರದು. ಹೆಣ್ಣುಮಗಳು ಗುಟ್ಕಾ ಉಗುಳುವುದಿಲ್ಲ, ಅಷ್ಟೇ ಅವರ ಲೆಕ್ಕ.

ಇಂಡಿಗೆ ಹೋಗಿ ಕಲಿತೆ, ಲೈಸೆನ್ಸ್ ತಗೊಂಡೆ. ಆದರೆ ಭಯ ಹೋಗಲಿಲ್ಲ. ಎದುರಿನಿಂದ ಕಬ್ಬಿನ ಟ್ರ್ಯಾಕ್ಟರ್ ಎರಡು ಟ್ರೇಲರ್ ಕಟ್ಟಿಕೊಂಡು ತೂಗಾಡುತ್ತ ಬಂದರೆ ಗಾಡಿಯನ್ನು ರಸ್ತೆಯ ಅಂಚಿಗೆ ಇಳಿಸಿ ನಿಲ್ಲಿಸಿಬಿಡುತ್ತಿದ್ದೆ. ಮಾವನವರಿಗೆ ನನಗಿಂತ ಹೆಚ್ಚು ಭಯ. ಅವರು ಒಂದು ಸೈಕಲ್ ಕೂಡ ತುಳಿದವರಲ್ಲ, ಎತ್ತಿನ ಗಾಡಿ ಬಿಟ್ಟರೆ ಬಸ್ಸು. ಆದರೂ ಸೊಸೆಯನ್ನು ಒಬ್ಬಳನ್ನೇ ಕಳಿಸಿದರೆ ಮಂದಿ ಏನಂದಾರು ಎಂದು ಪಕ್ಕದಲ್ಲಿ ಕೂರಲೇಬೇಕು. ಇಬ್ಬರ ನಡುವೆ ಮಡಚಿದ ಕಂಬಳಿಯನ್ನು ಗಡಿಯ ಹಾಗೆ ಇಟ್ಟುಕೊಂಡು, ಬಾಗಿಲ ಹಿಡಿಕೆಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಕೂರುತ್ತಿದ್ದರು. ನಾನು ಜೋರು ಹೊಡೆದರೆ ಗಾಜಿನಾಚೆ ನೋಡುತ್ತ, "ಗಾಡಿಗೆ ಇವತ್ತ ಅವಸರ ಭಾಳ ಐತಿ" ಎನ್ನುವರು. ನಾನೂ ರಸ್ತೆಗೇ ಉತ್ತರ ಕೊಡುತ್ತಿದ್ದೆ: "ಗಾಡಿ ಸಾವಕಾಶನ ಹೊಂಟೈತ್ರಿ."

ಡೀಸೆಲ್ ಉಳಿಸುವುದು ಅವರಿಗೆ ಒಂದು ವ್ರತ. ಗೆಳೆಯರ ಗಾಡಿಗಳಿಗೆ ಇರುವ ಹಾಗೆ ಮೇಲೊಂದು ಕಬ್ಬಿಣದ ಕ್ಯಾರಿಯರ್, ಮುಂದೊಂದು ದಪ್ಪ ಪೈಪಿನ ಗಾರ್ಡು ಹಾಕಿಸಬೇಕೆಂದು ನನ್ನ ಗಂಡನಿಗೆ ಆಸೆ. ಮಾವನವರು, "ಎತ್ತಿನ ಕೋಡಿಗೆ ಬಣ್ಣ ಹಚ್ಚು, ಬ್ಯಾಡ ಅನ್ನೂದಿಲ್ಲ. ಕೋಡಿಗೆ ಕಲ್ಲ ಕಟ್ಟಬ್ಯಾಡ" ಎಂದು ಬಾಯಿ ಮುಚ್ಚಿಸಿದರು. ಹೊರಡುವ ಮೊದಲು ಟೈರುಗಳನ್ನು ಬಡಿಗೆಯಿಂದ ಬಡಿದು, ಕಲ್ಲಂಗಡಿ ಕೊಳ್ಳುವವರ ಹಾಗೆ ಕಿವಿಗೊಟ್ಟು ಕೇಳುವರು. ಗಾಳಿ ಕಡಿಮೆಯಿದ್ದರೆ ಗಾಡಿ ಕಾಲೆಳೆಯುತ್ತದೆ, ಎಣ್ಣೆ ಜಾಸ್ತಿ ಕುಡಿಯುತ್ತದೆ ಎನ್ನುವರು. ಝಳಕಿಯ ಪಂಪಿನ ಹುಡುಗರು ಗೇಜು ಹಚ್ಚಿ ನೋಡಿದರೆ ಅವರ ಕಿವಿ ಎಷ್ಟೋ ಸಲ ತಪ್ಪಾಗಿರುತ್ತಿತ್ತು. ಅದನ್ನವರು ಗೇಜಿನ ತಪ್ಪು ಎನ್ನುತ್ತಿದ್ದರು. ನಾನು ಗೇರು ತಡಮಾಡಿ ಬದಲಿಸಿದರೆ ಮಾತ್ರ ಅವರಿಗೆ ನಿಜವಾಗಿ ಗೊತ್ತಾಗುತ್ತಿತ್ತು. "ಇದರ ಉಸಿರ ಕಟ್ಟಾಕತ್ತೈತಿ" ಎಂದು ಗಾಡಿಯ ಎದೆ ಸವರುವ ಹಾಗೆ ಮುಂದಿನ ಡ್ಯಾಶ್‌ಬೋರ್ಡು ಸವರುತ್ತಿದ್ದರು. ಹೀಗೆ ಬೈಸಿಕೊಳ್ಳದೆಯೇ ಬೈಸಿಕೊಂಡು ನಾನು ಮೆತ್ತಗೆ ತುಳಿಯುವುದನ್ನು ಕಲಿತೆ. ಬೇರೆಯವರ ಗಾಡಿಗಳು ಸಿಂದಗಿಯಲ್ಲಿ ಮತ್ತೆ ಡೀಸೆಲ್ ಹಾಕಿಸುವಾಗ ನಾವು ಹಾಕಿಸದೆ ಮನೆ ಮುಟ್ಟುತ್ತಿದ್ದೆವು.

ಸ್ವಚ್ಛತೆಯದು ಇನ್ನೊಂದು ಪುರಾಣ. ನಿಂಬೆ ಸಾಗಿಸುವ ಗಾಡಿಗೆ ನಿಂಬೆಯೇ ವೈರಿ. ಚೀಲದ ತಳದಲ್ಲಿ ಒಡೆದ ಹಣ್ಣಿನ ರಸ ಸೋರಿ ಹಿಂದಿನ ತಗಡಿನ ಮೇಲೆ ನಿಂತರೆ, ಬಿಸಿಲಿಗೆ ಬಣ್ಣ ಏಳುತ್ತದೆ, ಆಮೇಲೆ ತುಕ್ಕು. ಅದಕ್ಕೆ ಮಾವನವರು ಮೊದಲು ತಾಡಪಲ್ ಹಾಳೆ ಹಾಸಿ, ಅದರ ಮೇಲೆ ಜೋಳದ ಒಣದಂಟಿನ ಕಣಿಕೆ ಹರಡಿ, ಆಮೇಲೆ ಚೀಲ ಇಡಿಸುತ್ತಿದ್ದರು. ಮಾಲು ಇಳಿಸಿದ ಕೂಡಲೇ ಅಲ್ಲೇ ನೀರು ಹೊಡೆದು ತೊಳೆಯಬೇಕು, ಮನೆಗೆ ಹೋಗಿ ತೊಳೆಯೋಣ ಎನ್ನುವಂತಿಲ್ಲ. ನಮ್ಮ ಬೋರಿನ ನೀರು ಸವಳು. ಆರಿದ ಮೇಲೆ ಬಣ್ಣದ ಮೇಲೆಲ್ಲ ಬಿಳಿ ಕಲೆ. ಹಾಗಾಗಿ ಕುಡಿಯಲೆಂದು ಕ್ಯಾನಿನಲ್ಲಿ ತಂದಿಟ್ಟ ಸಿಹಿನೀರನ್ನು ಕದ್ದು ಗಾಡಿಗೆ ಒರೆಸುತ್ತಿದ್ದರು. ಅತ್ತೆ ಖಾಲಿ ಕ್ಯಾನು ಅಲ್ಲಾಡಿಸಿ ನೋಡಿ, "ಗಾಡಿಗೆ ಸಿಹಿನೀರು, ಕಟಗೊಂಡ ಹೆಣ್ತಿಗೆ ಸವಳ ನೀರು! ಅದರ ಕೂಡ ಲಗ್ನ ಆಗಬೇಕಿತ್ತ ನೀವು" ಎಂದು ಅಂಗಳಕ್ಕೆ ಕೇಳುವಂತೆ ಹೇಳುವರು. ಮಾವನವರು ಒದ್ದೆ ಮಾಡಿದ ಹಳೆಯ ಧೋತರದಿಂದ ದೀಪಗಳ ಗಾಜು ಒರೆಸುತ್ತ, ಕೇಳಿಸದವರ ಹಾಗೆ ಇರುತ್ತಿದ್ದರು. ಒಣ ಬಟ್ಟೆಯಿಂದ ಒರೆಸಿದವರ ಕೈ ಮಾತ್ರ ಹಿಡಿದು ನಿಲ್ಲಿಸುವರು. ಧೂಳಿನಲ್ಲಿ ಉಸುಕು ಇರುತ್ತದೆ, ಅದು ಗೀರುತ್ತದೆ, ಮೊದಲು ನೀರು ಬಿಡಬೇಕು ಎನ್ನುವರು. ಸೀಟಿನ ಪ್ಲಾಸ್ಟಿಕ್ ತೆಗೆಯುವಂತಿಲ್ಲ. ಚಪ್ಪಲಿ ಹೊರಗೇ ಬಿಚ್ಚಿ, ಬಡಿದು, ಕೈಚೀಲಕ್ಕೆ ಹಾಕಿಕೊಂಡು ಹತ್ತಬೇಕು. ನಾನು ಗಾಡಿ ಹೊಡೆದದ್ದೆಲ್ಲ ಬರಿಗಾಲಲ್ಲಿ.

ಇಂಡಿಗೆ ಹೋಗುವಾಗ ರೈಲ್ವೆ ಗೇಟಿನಲ್ಲಿ ಸಾಲುಗಟ್ಟಿ ನಿಲ್ಲಬೇಕಾಗುತ್ತಿತ್ತು. ಅಲ್ಲಿ ಇಂಜಿನ್ ಬಂದ್ ಮಾಡಬೇಕೆಂಬುದು ಸರಿಯಾದ ಮಾತೇ. ಮೊದಮೊದಲು ಮಾವನವರು, "ನಿಂತಲ್ಲೇ ನಿಂತು ಎಣ್ಣಿ ಕುಡದ್ರ ಹೆಂಗಪಾ" ಎಂದು ಗಾಡಿಗೆ ಬುದ್ಧಿ ಹೇಳುತ್ತಿದ್ದರು, ನಾನು ಚಾವಿ ತಿರುವುತ್ತಿದ್ದೆ. ಒಂದು ದಿನ ನಾನು ಯಾವುದೋ ಯೋಚನೆಯಲ್ಲಿದ್ದಾಗ ಆ ಸೊಟ್ಟ ಬೆರಳು ಕಂಬಳಿಯ ಗಡಿ ದಾಟಿ ಬಂದು, ತಾನೇ ಚಾವಿ ತಿರುವಿತು. ಇಂಜಿನ್ ಸುಮ್ಮನಾಯಿತು. ಮಾವನವರ ಮುಖದಲ್ಲಿ ಆಗ ಮೂಡಿದ ಸಂತೋಷವನ್ನು ನೋಡಿ ನನಗೆ ನಗು ಬಂತು. ಅಷ್ಟು ದೊಡ್ಡ ಯಂತ್ರ ತಮ್ಮ ಒಂದು ಬೆರಳಿಗೆ ಕೇಳಿತಲ್ಲ ಎಂಬ ಸಂತೋಷ. ಆಮೇಲೆ ಗೇಟಿನಲ್ಲಿ ಚಾವಿ ತಿರುವುವುದು ಅವರದೇ ಕೆಲಸವಾಯಿತು. ಸೊಸೆಯಾಗಿ ಮಾವನ ಕೈಗೆ ಬೇಡ ಎನ್ನುವುದು ಹೇಗೆ?

ಝಳಕಿಯ ಢಾಬಾದಲ್ಲಿ ಚಹಾಕ್ಕೆ ನಿಂತಾಗ ಹಳೆಯ ಲಾರಿ ಡ್ರೈವರ್‌ಗಳ ಮಾತನ್ನು ಮಾವನವರು ಕೈ ಕಟ್ಟಿಕೊಂಡು ಕೇಳುತ್ತಿದ್ದರು. ಇಳಿಜಾರಿನಲ್ಲಿ ಗೇರು ತೆಗೆದು ನ್ಯೂಟ್ರಲ್ ಮಾಡಿ ಬಿಡುವುದು ನಮ್ಮ ಕಡೆಯ ಡ್ರೈವರ್‌ಗಳಿಗೆಲ್ಲ ಚಟ. ನಾನೂ ಮಾಡುತ್ತಿದ್ದೆ. ಅವತ್ತು ಒಬ್ಬ ಮುದುಕ ಡ್ರೈವರ್ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ತನ್ನ ಕಾಲದ ಲಾರಿಯನ್ನು ಇಳಿಜಾರಿನಲ್ಲಿ ಪೂರ್ತಿ ಬಂದ್ ಮಾಡಿ ಬಿಡುತ್ತಿದ್ದೆ, ಒಂದು ಹನಿ ಖರ್ಚಾಗುತ್ತಿರಲಿಲ್ಲ ಎಂದು ಮೀಸೆ ಸವರಿದ. ಮಾವನವರು ಚಹಾದ ಕಪ್ಪು ಕೆಳಗಿಡದೆ ಅವನ ಬಾಯನ್ನೇ ನೋಡುತ್ತಿದ್ದರು. ನಾನು ಬಿಸ್ಕಿಟು ತಿನ್ನುತ್ತಿದ್ದೆ.

ಅದಾಗಿ ಕೆಲವೇ ದಿನಕ್ಕೆ ಮುದ್ದೇಬಿಹಾಳದಲ್ಲಿ ಅರ್ಧ ಮಾಲು ಇಳಿಸಿ, ಉಳಿದದ್ದನ್ನು ಕೊಡಲು ಬಾಗೇವಾಡಿಯ ಕಡೆ ಹೊರಟಿದ್ದೆವು. ಮಧ್ಯಾಹ್ನದ ಹೊತ್ತು. ದಾರಿಯಲ್ಲಿ ಒಂದು ಉದ್ದನೆಯ ಇಳಿಜಾರು ಇದೆ. ಕೆಳಗೆ ಹಳ್ಳ, ಹಳ್ಳಕ್ಕೊಂದು ಸಣ್ಣ ಸೇತುವೆ. ಮೇಲಿನಿಂದಲೇ ನನಗೆ ಕುರಿಯ ಹಿಂಡು ಕಾಣಿಸಿತು. ಸೇತುವೆಯ ತುಂಬ ಕುರಿ. ಮುಂದೆ ಒಬ್ಬ ಕುರುಬ, ಹಿಂದೆ ಕೂಸನ್ನು ಬೆನ್ನಿಗೆ ಕಟ್ಟಿಕೊಂಡ ಹೆಣ್ಣುಮಗಳು. ಕೆಳಗೆ ಹೋಗುವಷ್ಟರಲ್ಲಿ ನಿಧಾನ ಮಾಡಿದರಾಯಿತು ಎಂದುಕೊಂಡು ನ್ಯೂಟ್ರಲ್ ಮಾಡಿದೆ. ಆಗ ಎಡಗಡೆಯಿಂದ ಆ ಬೆರಳು ಬಂತು. "ಇಳಕಲದಾಗ ತಾನ ಹೋಗ್ತೈತಿ ಬಿಡು" ಎಂದು ಗಾಡಿಗೆ ಹೇಳಿ, ಮಾವನವರು ಚಾವಿ ತಿರುವಿಬಿಟ್ಟರು.

ಸದ್ದು ನಿಂತಿತು. ಗಾಳಿ ಸುಂಯ್ ಎನ್ನುವುದು ಮಾತ್ರ ಕೇಳುತ್ತಿತ್ತು. ಬ್ರೇಕ್ ತುಳಿದೆ, ಸ್ವಲ್ಪ ಹಿಡಿಯಿತು. ಮತ್ತೆ ತುಳಿದೆ. ಮೂರನೆಯ ಸಲ ಅದು ನನ್ನ ಬರಿಗಾಲಿನ ಕೆಳಗೆ ಕಲ್ಲಾಗಿತ್ತು. ಹೊಸ ಗಾಡಿಗಳಲ್ಲಿ ಇಂಜಿನ್ ನಿಂತರೆ ಬ್ರೇಕಿನ ಬಲವೂ ಹೋಗುತ್ತದೆ ಎಂದು ಕಲಿಸುವವರು ಹೇಳಿದ್ದು ಆಗ ನೆನಪಾಯಿತು, ನೆನಪಾಗಿ ಏನು ಬಂತು! ಸ್ಟಿಯರಿಂಗ್ ಬೀಸುವ ಕಲ್ಲಿನ ಹಾಗೆ ಬಿಗಿಯಾಯಿತು. ಹಾರ್ನ್ ಒತ್ತಿದೆ, ಅದೂ ಕೂಗಲಿಲ್ಲ. ಗಾಡಿ ಮಾತ್ರ ಇನ್ನೂ ಜೋರಾಗಿ ಉರುಳುತ್ತಿತ್ತು. ಚಾವಿಯ ಕಡೆ ಕೈ ಹಾಕಿದರೆ ಅಲ್ಲಿ ಮಾವನವರ ಕೈ. ಭಯದಿಂದ ಚಾವಿಯನ್ನೇ ಹಿಡಿದು ಕೂತಿದ್ದಾರೆ, ಬಿಡುತ್ತಿಲ್ಲ.

"ಕೈ ತೆಗೀರಿ! ತೆಗೀರಿ ಕೈ!" ಎಂದು ಕಿರುಚಿದೆ. ಮದುವೆಯಾಗಿ ಬಂದ ಮೇಲೆ ಮಾವನವರ ಜೊತೆ ನಾನು ನೇರವಾಗಿ ಆಡಿದ ಮೊದಲ ಮಾತು ಅದು. ಅವರು ಬಿಡಲಿಲ್ಲ, ಅವರಿಗೆ ಕೇಳಿಸಲೇ ಇಲ್ಲ. ಸೇತುವೆಯ ಮೇಲಿನ ಹೆಣ್ಣುಮಗಳು ತಿರುಗಿ ನೋಡಿದಳು. ಅವಳ ಮುಖ ಕಂಡಿತು, ಬೆನ್ನ ಮೇಲಿನ ಕೂಸಿನ ಕುಲಾವಿ ಕಂಡಿತು. ಸೀಟಿನಿಂದ ಎದ್ದು, ಇಡೀ ಮೈಭಾರ ಹಾಕಿ ಸ್ಟಿಯರಿಂಗನ್ನು ಎಡಕ್ಕೆ ಎಳೆದು, ಹ್ಯಾಂಡ್‌ಬ್ರೇಕ್ ಜಗ್ಗಿದೆ. ಗಾಡಿ ರಸ್ತೆ ಬಿಟ್ಟು, ಜಾಲಿಯ ಬೇಲಿ ಮುರಿದು, ತೊಗರಿಯ ಹೊಲಕ್ಕೆ ನುಗ್ಗಿತು. ತೊಗರಿ ಗಿಡಗಳು ಗಾಜಿಗೆ ಪಟಪಟ ಬಡಿದವು. ಎರೆಮಣ್ಣು ಗಾಲಿಗಳನ್ನು ಹಿಡಿದುಕೊಂಡಿತು. ನಿಂತಿತು.

ಯಾರೂ ಸಾಯಲಿಲ್ಲ. ಒಂದು ಕುರಿಗೂ ಏನೂ ಆಗಲಿಲ್ಲ. ಹಿಂದಿನ ಚೀಲಗಳು ಒಡೆದು ನಿಂಬೆಹಣ್ಣು ಕಪ್ಪು ಮಣ್ಣಿನ ತುಂಬ ಚೆಲ್ಲಿದ್ದವು. ನಾನು ಇಳಿದು ಚೆಲ್ಲಿದ ಹಣ್ಣುಗಳ ನಡುವೆ ಕೂತೆ. ಕುರುಬ ಓಡಿ ಬಂದ. ಅವನ ಹೆಂಡತಿ ಬಂದು ನನ್ನ ಬೆನ್ನು ಸವರಿ, "ಅಂಜಬ್ಯಾಡ ತಂಗಿ, ಏನೂ ಆಗಿಲ್ಲ, ನೋಡ ನನ್ನ ಕೂಸ ನಗಾಕತ್ತೈತಿ" ಎಂದಳು. ಆ ಮಾತಿಗೆ ನನಗೆ ಅಳು ತಡೆಯಲಾಗಲಿಲ್ಲ.

ಮಾವನವರು ಇಳಿಯಲಿಲ್ಲ. ಕುರುಬ ಬಾಗಿಲು ತೆರೆಯಲು ಹೋದರೆ ಒಳಗಿನಿಂದ ಹಿಡಿದುಕೊಂಡರು. "ಒಂದ ಕೊಡ ನೀರ ತಂದ ಕೊಡಪಾ. ಎಲ್ಲಾರೂ ಆ ಕಡೆ ಹೋಗ್ರಿ" ಎಂದರು. ಕುರುಬ ಹಳ್ಳದಿಂದ ನೀರು ತಂದುಕೊಟ್ಟ. ನಾವು ಬೇಲಿಯ ಹತ್ತಿರ ಹೋಗಿ ನಿಂತೆವು. ಮಾವನವರು ಒಬ್ಬರೇ ಇಳಿದು, ನಮಗೆ ಬೆನ್ನು ಮಾಡಿ, ಸೀಟಿನ ಪ್ಲಾಸ್ಟಿಕ್ಕಿಗೆ ನೀರು ಹೊಯ್ದು ಹೊಯ್ದು ತೊಳೆದರು. ಕೊಡದಲ್ಲಿ ಉಳಿದ ನೀರನ್ನು ತಮ್ಮ ಧೋತರದ ಮೇಲೆ ಸುರಿದುಕೊಂಡರು. ನನಗೆ ಅರ್ಥವಾಯಿತು. ಬೇರೆ ಕಡೆ ಮುಖ ಮಾಡಿ ನಿಂತೆ. ಅವರ ಮೇಲಿನ ಸಿಟ್ಟು ಕುದಿಯುತ್ತಿರುವಾಗಲೇ ಅವರ ಬಗ್ಗೆ ಕರುಳು ಚುರುಕ್ ಎಂದಿತು.

ಯಾರದೋ ಟ್ರ್ಯಾಕ್ಟರ್ ಬಂದು ಗಾಡಿಯನ್ನು ಎಳೆದು ರಸ್ತೆಗೆ ಹಾಕಿತು. ಮನೆಯ ತನಕ ಮಾವನವರು ಗಾಡಿಯ ಜೊತೆ ಕೂಡ ಮಾತಾಡಲಿಲ್ಲ. ಬಂಪರ್ ಸೊಟ್ಟಗಾಗಿ, ಬಾಗಿಲಿನ ಉದ್ದಕ್ಕೂ ಜಾಲಿಮುಳ್ಳು ಗೀರಿದ ಗಾಡಿಯನ್ನು ಊರೆಲ್ಲ ನೋಡಿತು. ಯಾರು ಕೇಳಿದರೂ ಮಾವನವರು, "ಹೊಲಕ್ಕ ಹೊಕ್ತು" ಎಂದಷ್ಟೇ ಹೇಳಿ ಒಳಗೆ ಹೋದರು. ಹೊಲಕ್ಕೆ ಗಾಡಿ ತಾನಾಗಿ ಹೋಗುತ್ತದೆಯೇ? ಹೊಡೆದವಳು ಹೆಣ್ಣು. ಮಂದಿಗೆ ಅಷ್ಟು ಸಾಕಿತ್ತು.

ಆ ದಿನಗಳ ಭಯವೇ ಬೇರೆ. ಇಳಿಜಾರಿನ ಭಯ ಕಣ್ಣು ಮಿಟುಕಿಸುವುದರೊಳಗೆ ಮುಗಿದಿತ್ತು, ಇದು ಮುಗಿಯುತ್ತಿರಲಿಲ್ಲ. ಚಾವಿ ನನ್ನ ಕೈಯಿಂದ ಹೋಗುತ್ತದೆ ಎಂದು ಗೊತ್ತಾಗಿತ್ತು. ಸ್ಟಿಯರಿಂಗ್ ಹಿಡಿಯಲು ಅಷ್ಟು ಅಂಜಿದ್ದ ನನಗೆ, ಕೈಬಿಟ್ಟು ಹೋಗುವ ಹೊತ್ತಿಗೆ ಅದು ಬೇಕೇಬೇಕು ಅನಿಸಿತು. ಸೆರಗಿನ ಕೆಳಗಿನಿಂದ ನೆಲ ನೋಡುತ್ತ ಬದುಕಿದವಳು ಆ ಗಾಜಿನಿಂದ ದೂರದ ತನಕ ಊರು, ಹೊಲ, ಆಕಾಶ ನೋಡಿದ್ದೆ. ವ್ಯಾಪಾರಿಗಳು ನನ್ನನ್ನು "ಅಕ್ಕಾರ" ಎಂದು ಕರೆದು ಮಾತಾಡಿಸುತ್ತಿದ್ದರು. ಗಂಡನಿಗೆ ಮಾವನವರು ಚಾವಿ ತಿರುವಿದ್ದನ್ನಷ್ಟೇ ಹೇಳಿದೆ. ಅವರು ತಲೆ ಹಿಡಿದುಕೊಂಡು, "ಅಪ್ಪಗ ಇದನ್ನ ಹೆಂಗ ಕೇಳ್ಲಿ? ಅವ ಮುಖ ಎತ್ತಿ ತಿರಗೂದರ ಹೆಂಗ?" ಎಂದರು. ನಾನೇ ಬಾಯಿ ಬಿಟ್ಟರೆ, ಮಾವನ ಮೇಲೆ ಹಾಕಿ ತಪ್ಪಿಸಿಕೊಂಡಳು ಎನ್ನುತ್ತಾರೆ. ಹೇಳುವುದಾದರೆ ಒಬ್ಬರೇ ಹೇಳಬೇಕಿತ್ತು. ಆ ಒಬ್ಬರು ಜೀವಮಾನದಲ್ಲಿ ತಪ್ಪಾಯಿತು ಎಂದದ್ದನ್ನು ಅತ್ತೆ ಕೂಡ ಕೇಳಿರಲಿಲ್ಲ.

ಚಿಕ್ಕಮಾವ ಒಂದು ಮುಂಜಾನೆ ಊರಿನ ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದು ಕಟ್ಟೆಯ ಮೇಲೆ ಕೂತರು. ಹೊಸ ಡ್ರೈವರ್ ಆಗಬೇಕೆಂದಿದ್ದ ಅವರ ಹೆಂಡತಿಯ ಅಣ್ಣನೂ ಜೊತೆಗೇ ಬಂದು ಗಾಡಿಗೆ ಆತುಕೊಂಡು ನಿಂತಿದ್ದ. ಮಾವನವರು ಸೊಟ್ಟ ಬಂಪರ್ ಎದುರು ಕುಕ್ಕರಗಾಲಲ್ಲಿ ಕೂತು, ಒದ್ದೆ ಬಟ್ಟೆಯಿಂದ ಸಂದಿನ ಎರೆಮಣ್ಣು ಬಿಡಿಸುತ್ತಿದ್ದರು. ನಾನು ಬಾಗಿಲ ಹಿಂದೆ ನಿಂತಿದ್ದೆ.

"ಅಣ್ಣಾ, ಆದದ್ದಾತು" ಎಂದರು ಚಿಕ್ಕಮಾವ. "ಹೆಣ್ಣಮಕ್ಕಳ ಕೈಯಾಗ ಗಾಡಿ ಕೊಟ್ರ ಹಿಂಗ ಆಗೂದು. ಇವತ್ತ ತೊಗರಿ ಹೊಲ, ನಾಳೆ ಹಳ್ಳ. ಚಾವಿ ಇವನ ಕೈಯಾಗ ಕೊಡು."

ಮಾವನವರ ಕೈ ನಿಂತಿತು. ಹಿರಿಯರಲ್ಲಿ ಒಬ್ಬರು ಕೆಮ್ಮಿದರು. ಮಾವನವರು ಹೀಗೇ ಸುಮ್ಮನಿದ್ದರೆ ನನ್ನ ಕಥೆ ಮುಗಿಯಿತು ಎಂದುಕೊಂಡೆ. ಸುಮ್ಮನಿರುವುದು ಅವರಿಗೆ ಎಷ್ಟು ಸುಲಭವಿತ್ತು! ಗಾಡಿ, ಮನೆತನದ ಮರ್ಯಾದೆ ಎಲ್ಲ ಉಳಿಯುತ್ತಿತ್ತು. ಹೋಗುವವಳು ನಾನೊಬ್ಬಳೇ.

"ಗಾಡಿ ಬಂದ್ ಮಾಡಿದಾಂವ ನಾ" ಎಂದರು ಮಾವನವರು, ಬಂಪರನ್ನೇ ನೋಡುತ್ತ.

"ಏನಂದಿ?"

ಅವರು ಮಂಡಿ ಹಿಡಿದು ಎದ್ದು ನಿಂತರು. "ಇಳಕಲದಾಗ ಚಾವಿ ತಿರುವಿದಾಂವ ನಾ ಅಂದೆ. ಎಣ್ಣಿ ಉಳಸಾಕ. ಬ್ರೇಕ್ ಹೋತು. ಕೆಳಗ ಕೂಸ ಕಟಗೊಂಡ ಹೆಣ್ಣಮಗಳ ಇದ್ಲು. ಆಕಿ ಗಾಡಿ ಹೊಲಕ್ಕ ಹೊಳ್ಳಸಲಿಲ್ಲಂದ್ರ ಇವತ್ತ ನೀವು ಇಲ್ಲಿ ಬ್ಯಾರೆ ಮಾತಿಗೆ ಕೂಡತಿದ್ರಿ."

ಚಿಕ್ಕಮಾವ ನಕ್ಕರು. "ಸೊಸಿನ್ನ ಕಾಯಾಕ ಸುಳ್ಳ ಹೇಳಾಕತ್ತಿ ಅಣ್ಣಾ."

"ಸುಳ್ಳ ಹೇಳೂದಿದ್ರ ನನ್ನ ಮರ್ಯಾದಿ ಉಳಿಯೂ ಹಂಗ ಹೇಳ್ತಿದ್ದೆ" ಎಂದರು ಮಾವನವರು. ಆಮೇಲೆ ಮುಖ ಎತ್ತಿ, ಎಲ್ಲರಿಗೂ ಕೇಳುವಂತೆ ಹೇಳಿದರು: "ಅಂಜಿ ಧೋತರ ತೊಯ್ಸಕೊಂಡೆ. ಸೀಟ ಹೊಲಸ ಮಾಡಿದೆ. ಹಳ್ಳದ ನೀರ ಹಾಕಿ ನಾನ ತೊಳದೇನಿ. ಆ ಕುರುಬಗ ಕೇಳ್ರಿ ಹೋಗಿ. ನನ್ನ ಸೊಸಿ ಕಂಡ್ಲು, ಕಂಡೂ ಇವತ್ತಿನ ಮಟಾ ಯಾರ ಮುಂದನೂ ಅಂದಿಲ್ಲ. ಚಾವಿ ಯಾರ ಕೈಯಾಗ ಇರಬೇಕು ಅಂತ ನನಗ ಹೇಳಾಕ ಬರಬ್ಯಾಡ್ರಿ."

ನಮ್ಮ ಊರಿನಲ್ಲಿ ಆ ವಯಸ್ಸಿನ, ಪಟಗ ಸುತ್ತಿದ ಗಂಡಸು ಹತ್ತು ಮಂದಿಯ ಎದುರು ತಾನು ಅಂಜಿದೆ ಎಂದು ಹೇಳುವುದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಹಿರಿಯರು ಚಪ್ಪಲಿ ಹುಡುಕಿಕೊಂಡರು. ಹೊಸ ಡ್ರೈವರ್ ಗಾಡಿಗೆ ಆತುಕೊಂಡಿದ್ದ ಬೆನ್ನನ್ನು ತೆಗೆದ. ಅತ್ತೆ ಒಳಗೆ ಸೆರಗು ಬಾಯಿಗೆ ಹಿಡಿದುಕೊಂಡು ಅಳುತ್ತಿದ್ದರು. ನಾನು ಹೊರಗೆ ಬಂದು, ಏನು ಹೇಳಬೇಕೋ ತಿಳಿಯದೆ, ಮಾವನವರ ಕೈಯಲ್ಲಿದ್ದ ಒದ್ದೆ ಬಟ್ಟೆ ಇಸಿದುಕೊಂಡು ಉಳಿದ ಮಣ್ಣು ಒರೆಸಿದೆ.

"ಯವ್ವಾ, ಮೊದಲ ನೀರ ಬಿಡು. ಒಣಾದ ತಿಕ್ಕಿದ್ರ ಗೀರ ಬೀಳ್ತಾವ" ಎಂದರು. ಗಾಡಿಗಲ್ಲ, ನನಗೇ ಹೇಳಿದ್ದು.

ಆಮೇಲೆ ಅವರು ನನ್ನ ಜೊತೆ ನೇರವಾಗಿ ಮಾತಾಡುತ್ತಿದ್ದರು. ಬಹಳ ಮಾತಲ್ಲ. ಗೇರು, ಗಾಳಿ, ಸವಳು ನೀರು, ಮಗನ ಗುಳಿಗೆ, ಇಷ್ಟೇ. ಡೀಸೆಲ್ ಉಳಿಸುವ ವ್ರತ ಬಿಡಲಿಲ್ಲ, ಆದರೆ ಇಳಿಜಾರು ಬಂದರೆ ತಾವಾಗಿ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದರು. "ಗೇರನ್ಯಾಗ ಇಳಸು. ಎಣ್ಣಿ ಹೋದ್ರ ಹೋಗ್ಲಿ" ಎನ್ನುವರು. ಢಾಬಾದಲ್ಲಿ ಆ ಮುದುಕ ಡ್ರೈವರ್ ಮತ್ತೆ ಸಿಕ್ಕಾಗ ಅವನ ಚಹಾದ ಕಪ್ಪು ನೆಲಕ್ಕೆ ಬೀಳುವ ಹಾಗೆ ಬೈದರು. ನನ್ನ ಭಯ ಕಡಿಮೆಯಾಗಲಿಲ್ಲ. ಆ ಸೇತುವೆಯ ಮೇಲಿನ ಮುಖ ಈಗಲೂ ಕಣ್ಣೆದುರು ಬರುತ್ತದೆ. ಆದರೆ ಭಯವಿದ್ದವರೂ ಗಾಡಿ ಹೊಡೆಯಬಹುದು ಎಂದು ನನಗೆ ಅವರಿಂದ ಗೊತ್ತಾಯಿತು. ಭಯವನ್ನು ಬಾಯಿಬಿಟ್ಟು ಹೇಳಬಲ್ಲವರ ಸೊಸೆ ನಾನು.

ಮಾವನವರು ಹೋದ ವರ್ಷ ತೀರಿಕೊಂಡರು. ವಿಜಯಪುರದ ಆಸ್ಪತ್ರೆಯಲ್ಲಿ, ನಾನು ಊಟ ತರಲು ಕೆಳಗೆ ಹೋಗಿದ್ದಾಗ. ಕೊನೆಯ ಗಳಿಗೆಯಲ್ಲಿ ಹತ್ತಿರ ಇರಲಿಲ್ಲ ಎಂಬ ಸಂಕಟ ನನಗಿದೆ. ಆದರೆ ಅವರು ನೆನಪಾದಾಗ ನನಗೆ ಆಸ್ಪತ್ರೆ ನೆನಪಾಗುವುದಿಲ್ಲ, ಅದಕ್ಕೂ ಮೊದಲಿನ ದಾರಿ ನೆನಪಾಗುತ್ತದೆ.

ಮುದ್ದೇಬಿಹಾಳದ ಹತ್ತಿರ ತಮ್ಮ ಮಗಳ ಮನೆಗೆ ಹೋದ ಮಾವನವರಿಗೆ ಅಲ್ಲಿ ಎದೆನೋವು ಬಂದಿತ್ತು. ಸುದ್ದಿ ಬಂದಾಗ ನಾನು, ನನ್ನ ಗಂಡ ಮಾಲು ಇಳಿಸಲು ಮುದ್ದೇಬಿಹಾಳದಲ್ಲೇ ಇದ್ದೆವು. ಅಲ್ಲಿಯ ಡಾಕ್ಟರು ಇಂಜೆಕ್ಷನ್ ಕೊಟ್ಟು, ತಡ ಮಾಡದೆ ವಿಜಯಪುರಕ್ಕೆ ಒಯ್ಯಿರಿ ಎಂದರು. ಆಂಬ್ಯುಲೆನ್ಸ್ ಬೇರೆ ಕಡೆ ಹೋಗಿತ್ತು. ಯಾರದೋ ಕಾರು ಕೊಡುತ್ತೇವೆ, ಗಂಡಸು ಡ್ರೈವರ್ ಇದ್ದಾನೆ ಎಂದರು ಮಗಳ ಮನೆಯವರು. ಮಾವನವರು ತಲೆ ಅಲ್ಲಾಡಿಸಿದರು. ಇಬ್ಬರು ಎತ್ತಿ ಅವರನ್ನು ನಮ್ಮ ಗಾಡಿಗೆ ಕೂರಿಸಿದರು. ನಾನು ಒಂದು ಕಡೆ, ನನ್ನ ಗಂಡ ಇನ್ನೊಂದು ಕಡೆ, ನಡುವೆ ಅವರು. ಚಪ್ಪಲಿ ಬಿಚ್ಚಿ, ಬಡಿದು, ಕೈಚೀಲಕ್ಕೆ ಹಾಕಿಕೊಂಡು ಚಾವಿ ತಿರುವಿದೆ.

ಊರು ದಾಟಿದ ಮೇಲೆ ಅವರು ಕಣ್ಣು ತೆರೆದು ನನ್ನ ಕಡೆ ನೋಡಿದರು.

"ಅಂಜಿಕಿ ಆತೇನವ್ವಾ?"

"ಹೌದ್ರಿ ಮಾವಾರ. ಭಾಳ ಅಂಜಿಕಿ ಆಗಾಕತ್ತೈತಿ."

"ನನಗೂ" ಎಂದರು. ಆಮೇಲೆ, "ನೀ ಹೊಡೀತಿ ಅಂದ್ರ ನಾ ಒಂಚೂರ ಮಕ್ಕೋತೇನಿ" ಎಂದರು.

ಅಷ್ಟು ವರ್ಷ ನನ್ನ ಪಕ್ಕ ಕೂತವರು ಒಂದು ದಿನವೂ ಕಣ್ಣು ಮುಚ್ಚಿದವರಲ್ಲ. ಅವತ್ತು ಮುಚ್ಚಿದರು. ಮೆಲ್ಲಗೆ ಅವರ ತಲೆ ವಾಲಿ ನನ್ನ ಎಡ ಭುಜಕ್ಕೆ ಬಂದು ನಿಂತಿತು. ಗಂಡ ಸರಿಸಲು ಕೈ ಚಾಚಿದರು, ಬೇಡ ಎಂದು ಸನ್ನೆ ಮಾಡಿದೆ. ಮುಂದೆ ಆ ಇಳಿಜಾರು ಬಂತು. ಗೇರು ಇಳಿಸಿ, ಬ್ರೇಕಿನ ಮೇಲೆ ಕಾಲಿಟ್ಟು, ಭುಜ ಅಲ್ಲಾಡದ ಹಾಗೆ ನಿಧಾನವಾಗಿ ಇಳಿಸಿದೆ. ಸೇತುವೆ ದಾಟಿದೆವು. ಮಾವನವರು ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು. ಇಳಿಜಾರು ಇಳಿದದ್ದು ಅವರಿಗೆ ಗೊತ್ತೇ ಆಗಲಿಲ್ಲ.